ಪುಣೇದಾಗ ಕೂತು ಮಗಳಿಗೆ ಪುಸ್ತಕ ಆರಿಸೋದು

ನನ್ನ ಮಗಳಿಗೆ ಈಗ ನಾಕು ವರ್ಷ. ಮನ್ಯಾಗ ಧಾರವಾಡ ಕನ್ನಡ, ಕೆಳಗ ಸೊಸೈಟಿ ಅಂಗಳದಾಗ ಮರಾಠಿ, ಪ್ಲೇಸ್ಕೂಲಿನಾಗ ಇಂಗ್ಲಿಷ್. ಹೋದ ವರ್ಷ ಬಾಜೂ ಮನಿ ಆಜಿ ಅಕಿನ್ನ ತೊಡಿ ಮ್ಯಾಲೆ ಕೂಡಿಸ್ಕೊಂಡು ಒಂದು ಚಿತ್ರದ ಪುಸ್ತಕ ತಗದು "ಹಾ ಬಘ್ ಹತ್ತಿ" ಅಂದ್ರು. ಇಕಿ ಆ ಪಾನಿನ ತುಂಬ ಹತ್ತಿ ಹುಡುಕಿದ್ಲು, ನಾವು ದೇವರ ದೀಪಕ್ಕ ಬತ್ತಿ ಹೊಸೀತೀವಲ್ಲ ಆ ಹತ್ತಿ. ಸಿಗಲಿಲ್ಲ ಅಂತ ನನ್ನ ಕಡೆ ತಿರುಗಿ "ಅವ್ವಾ, ಹತ್ತಿ ಎಲ್ಲದ? ಇದು ಆನಿ ಅಲ್ಲಾ?" ಅಂದ್ಲು. ಆಜಿಗೆ ನಾನು ಬಿಡಿಸಿ ಹೇಳಿದ್ಮ್ಯಾಲೆ ಅವರು ಅರ್ಧಾ ತಾಸು ನಕ್ಕರು, ಆಮ್ಯಾಲೆ ಕಾಪೂಸ್ ಅಂದ್ರ ನಿಮ್ಮ ಹತ್ತಿ ಅಂತ ಅಕಿಗೂ ಕಲಿಸಿದ್ರು.

ಅಲ್ಲೀತನಕಾ ನಾನು ಮಗಳಿಗೆ ಕನ್ನಡ ಪುಸ್ತಕಾನ ಕೊಡಬೇಕು, ಇಲ್ಲಾಂದ್ರ ಭಾಷಾ ಹೋಗಿಬಿಡ್ತದ ಅಂತ ಹಟಾ ಹಿಡಿದಿದ್ದೆ. ಆದ್ರ ಇಲ್ಲಿ ಅಪ್ಪಾ ಬಳವಂತ ಚೌಕದಾಗ ಸಾಲು ಸಾಲು ಪುಸ್ತಕದ ಅಂಗಡಿ ಇದ್ರೂ ಮಕ್ಕಳ ಕನ್ನಡ ಪುಸ್ತಕ ನನಗಂತೂ ಸಿಗಲಿಲ್ಲ. ಊರಿಗೆ ಹೋದಾಗ ಹುಬ್ಬಳ್ಳಿ ಧಾರವಾಡದಿಂದ ಹೊತ್ತು ತರೋದು, ಅವು ಎರಡು ತಿಂಗಳಿಗೆ ಬಾಯಿಪಾಠ ಆಗಿಬಿಡ್ತಿದ್ವು.

ಈಗ ಹಂಗ ಮಾಡಂಗಿಲ್ಲ. ಜ್ಯೋತ್ಸ್ನಾ ಪ್ರಕಾಶನದ ಮರಾಠಿ ಚಿತ್ರಪುಸ್ತಕ ಧಾರಾಳ ತರ್ತೀನಿ. ಸಣ್ಣ ಮಕ್ಕಳ ಪುಸ್ತಕದಾಗ ಅಕ್ಷರ ಎಷ್ಟಿರ್ತಾವ, ಪಾನಿಗೆ ಒಂದೋ ಎರಡೋ ಸಾಲು, ಉಳಿದದ್ದೆಲ್ಲಾ ಚಿತ್ರ. ಆ ಚಿತ್ರ ಇಟ್ಕೊಂಡು ನಾನು ಕನ್ನಡದಾಗ ಕಥಿ ಹೇಳ್ತೀನಿ, ಆಜಿ ಮರಾಠಿಯೊಳಗ ಓದ್ತಾರ, ಅಕಿಗೆ ಅದು ಒಂದ ಪುಸ್ತಕದಾಗ ಎರಡು ಕಥಿ. ಚೆನ್ನೈನ ತೂಲಿಕಾ ಪ್ರಕಾಶನದವರು ಒಂದ ಪುಸ್ತಕಾನ ಕನ್ನಡ, ಮರಾಠಿ ಹಿಂಗ ಹಲವು ಭಾಷಾದಾಗ ತರ್ತಾರ, ಹಂಗಾಗಿ ಕೆಲವು ಪುಸ್ತಕ ಎರಡೆರಡು ಪ್ರತಿ ತರಿಸೀನಿ, ಒಂದು ನಮ್ಮ ಮನ್ಯಾಗ ಒಂದು ಆಜಿ ಮನ್ಯಾಗ.

ಅಂಗಡಿಯಾಗ ಆರಿಸುವಾಗ ನಾನು ಮಾಡೋದು ಇಷ್ಟ, ಅಲ್ಲೇ ನಿಂತು ಒಂದು ಪಾನ ಜೋರಾಗಿ ಓದ್ತೀನಿ. ನಾಲಿಗಿಗೆ ಸರಳ ಬರಲಿಲ್ಲಾಂದ್ರ ಇಟ್ಟುಬಿಡ್ತೀನಿ, ಯಾಕಂದ್ರ ಆ ಪುಸ್ತಕ ನಾನು ದಿನಾ ರಾತ್ರಿ ಓದಬೇಕು, ಮಗಳಿಗೆ ಸೇರಿತಂದ್ರ ತಿಂಗಳಗಟ್ಟಲೆ ಅದನ್ನ ಓದು ಅಂತಾಳ, ಒಂದು ಶಬ್ದ ಬಿಟ್ರೂ ಹಿಡೀತಾಳ. ಆಮ್ಯಾಲೆ ಚಿತ್ರ ನೋಡ್ತೀನಿ, ಬರದಿದ್ದಕ್ಕಿಂತ ಹೆಚ್ಚು ಏನಾರ ಅದರಾಗ ಇರಬೇಕು. ಕಥಿಯೊಳಗ ಅಜ್ಜ ಪ್ಯಾಟಿಗೆ ಹೊಂಟಾನ ಅಂತಷ್ಟ ಇದ್ರ, ಚಿತ್ರದ ಮೂಲ್ಯಾಗ ಒಂದು ಬೆಕ್ಕು ಅವನ ಚೀಲದಾಗ ಇಣಕ್ತಿರಬೇಕು, ಅಂಥಾದ್ದು ಮೊದಲು ಕಾಣೋದು ಮಕ್ಕಳ ಕಣ್ಣಿಗೇ.

ಎಜುಕೇಷನಲ್ ಅಂತ ದೊಡ್ಡಕ್ಷರದಾಗ ಬರದ ಪುಸ್ತಕ ಕಂಡ್ರ ಮಾತ್ರ ನಾನು ಜಾಸ್ತಿ ಹುಷಾರ್ ಆಗ್ತೀನಿ. ಒಂದು ಪ್ರದರ್ಶನದಾಗ ಹನ್ನೆರಡು ಪುಸ್ತಕದ ಪೆಟ್ಟಿಗಿ ತಗೊಂಡಿದ್ದೆ, ಬಣ್ಣ ಭಾಳ ಛಂದ. ಮನಿಗೆ ಬಂದು ನೋಡಿದ್ರ ಮೀನಿನ ಪಾನಿನ್ಯಾಗ ತಿಮಿಂಗಿಲ. ತಿಮಿಂಗಿಲ ಮೀನಲ್ಲ, ನಮ್ಮಂಗ ಪುಪ್ಪುಸದಿಂದ ಉಸಿರಾಡ್ತದ, ಮರಿಗೆ ಹಾಲು ಕುಡಸ್ತದ. ನಾಕು ವರ್ಷದ ಕೂಸಿಗೆ ಅಷ್ಟೆಲ್ಲಾ ಯಾಕ ಅಂತ ನಮ್ಮ ಮನಿಯವರು ಅಂದ್ರು, ನನಗ ಒಪ್ಪಿಗಿ ಇಲ್ಲ. ಈ ವಯಸ್ಸಿನಾಗ ಕೇಳಿದ್ದು ಗಟ್ಟಿ ಕೂಡ್ತದ, ಅದಕ್ಕ ಖರೇ ಇದ್ದದ್ದನ್ನ ಹೇಳಬೇಕು.

ಅಕ್ಷರಮಾಲಾ ಪುಸ್ತಕದ್ದೂ ಹಂಗ. ಕನ್ನಡಕ್ಕ 49 ಅಕ್ಷರ, ಎಲ್ಲಾಕ್ಕೂ ಒಂದು ಚಿತ್ರ ಹಚ್ಚಲೇಬೇಕು ಅಂತ ಋ ಬಂದ ಕೂಡ್ಲೆ ಋಷಿನ ಕೂಡಸ್ತಾರ. ನಮ್ಮ ಮಗಳು ಋಷಿನ್ನ ಎಲ್ಲಿ ನೋಡ್ಯಾಳ? ಅಕಿಗೆ ಗಡ್ಡದ ಅಜ್ಜ ಅಷ್ಟ. ನಾನೇ ಒಂದು ನೋಟ್‌ಬುಕ್ಕಿನಾಗ ಅಕ್ಷರ ಬರದು ಮನ್ಯಾಗಿನ ಸಾಮಾನಿನ ಚಿತ್ರ ಅಂಟಿಸ್ಲಿಕ್ಕೆ ಸುರು ಮಾಡೀನಿ, ಜ ಜರಡಿ, ಲ ಲಟ್ಟಣಿಗಿ, ಅಕಿ ಅಡಗಿ ಮನಿಗೆ ಓಡಿ ಹೋಗಿ ಅದನ್ನ ಮುಟ್ಟಿ ಬರ್ತಾಳ.

ಈ ಮಳಿಗಾಲದಾಗ ಅಕಿಗೆ ಭಾಳ ಸೇರಿದ್ದು ಇರುವಿ ಮ್ಯಾಲಿನ ಒಂದು ಸಣ್ಣ ಪುಸ್ತಕ. ಇರುವಿ ಹೋದ ದಾರಿಯೊಳಗ ವಾಸನಿ ಬಿಟ್ಟು ಹೋಗ್ತದ, ಹಿಂದಿನವು ಅದನ್ನ ಹಿಡಕೊಂಡು ಬರ್ತಾವ ಅಂತ ಓದಿದ್ವಿ. ಮರುದಿನ ಬಾಲ್ಕನಿಯಾಗ ಇರುವಿ ಸಾಲು ಬಂತು, ಅಕಿ ನಡುವ ಒದ್ದಿ ಬೆರಳಿನಿಂದ ಒಂದು ಗೆರಿ ಒರೆಸಿದ್ಲು. ಮುಂದಿನ ಇರುವಿ ಅಲ್ಲೇ ನಿಂತು ಆಕಡೆ ಈಕಡೆ ತಿರುಗಿತು. ಹಲ್ಲು ತಿಕ್ಕದ, ಹಾಲು ಕುಡೀದ ಅಕಿ ಅಲ್ಲೇ ಕೂತಿದ್ಲು, ನಾನೂ ಎಬ್ಬಿಸಲಿಲ್ಲ, ಪ್ಲೇಸ್ಕೂಲಿಗೆ ಅವತ್ತು ತಡಾ ಆತು.

ಕನ್ನಡ ಬೇಕಂದ್ರ ಈಗ ನನಗ ಹೆಚ್ಚು ಆಸರ ಆಗಿರೋದು ಸ್ಟೋರಿವೀವರ್ ಅನ್ನೋ ಮಕ್ಕಳ ಕಥಿ ವೆಬ್‌ಸೈಟ್, ಪ್ರಥಮ್ ಬುಕ್ಸಿನವರು 2015ರಾಗ ಸುರು ಮಾಡಿದ್ದು. ರೊಕ್ಕ ಕೊಡೋದಿಲ್ಲ, ಕಥಿಗಳನ್ನ ಒಂದರಿಂದ ನಾಕು ಮಟ್ಟ ಅಂತ ವಿಂಗಡಿಸ್ಯಾರ, ಸಣ್ಣವರಿಗೆ ಮೊದಲನೇ ಮಟ್ಟ ಸಾಕು. ಇಳಿಸ್ಕೊಂಡು ಛಾಪಿಸ್ಲಿಕ್ಕೂ ಅವರು ಪರವಾನಗಿ ಕೊಟ್ಟಾರ. ಫೋನಿನಾಗ ತೋರಿಸಿದ್ರ ಅಕಿ ಕೈ ಮುಂದಿನ ವಿಡಿಯೋಕ್ಕ ಹೋಗ್ತದ, ಅದಕ್ಕ ನಾನು ಕಾಗದಾನ ಮಾಡಸ್ತೀನಿ. ಅನುವಾದ ಎಲ್ಲಾ ಒಂದ ನಮೂನಿ ಇರೋದಿಲ್ಲ, ಕೆಲವು ಬಿಗುವು ಅನ್ನಸ್ತಾವ, ಅಲ್ಲಿ ಪೆನ್ಸಿಲ್‌ಲೆ ನಮ್ಮ ಮನಿ ಮಾತು ಬರದು ಇಟ್ಕೋತೀನಿ.

ಶನಿವಾರ ಕೆಳಗಿನ ಝೆರಾಕ್ಸ್ ಅಂಗಡಿಯಾಗ ಒಂದು ಕಥಿ ಬಣ್ಣದಾಗ ತಗಸಿದೆ. ಆಜಿ ರಜಾಯಿ ಹೊಲಿಯೋ ದಪ್ಪ ಸೂಜಿಲೆ ನಡುವ ಮೂರು ಟಾಕಿ ಹಾಕಿ ಕೊಟ್ರು. ಹಿಂದಿನ ರಟ್ಟಿನ ಮ್ಯಾಲೆ ಮಗಳು ಆನಿ ಚಿತ್ರ ತಗದು, ಕೆಳಗ ನನ್ನ ಕಡೆಯಿಂದ 'ಆನಿ' ಅಂತ ಕನ್ನಡದಾಗೂ ಆಜಿ ಕಡೆಯಿಂದ 'ಹತ್ತಿ' ಅಂತ ಮರಾಠಿಯಾಗೂ ಬರಸ್ಕೊಂಡ್ಲು.