ಊಟದ ಹಾಲ್ ಪಕ್ಕದ ಕರಿಹಲಗೆ

ವಯಸ್ಸಾದವರಿಗೆಂದೇ ಇರುವ ನಮ್ಮ ವಸತಿಯಲ್ಲಿ, ಊಟದ ಹಾಲ್ ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ದಿನಾ ಬೆಳಿಗ್ಗೆ ಆರೂವರೆಗೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಆವತ್ತಿನ ಸುದ್ದಿ ಬರೆಯುತ್ತೇನೆ. ಯಾರೂ ಹೇಳಿ ಮಾಡಿಸುವ ಕೆಲಸವಲ್ಲ. ಜಗಳೂರು ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 34 ವರ್ಷ ಹಲಗೆ ಮೇಲೆ ಬರೆದ ಕೈ ನನ್ನದು. 2019ರಲ್ಲಿ ನಾನು ಇಲ್ಲಿಗೆ ಬಂದಾಗ ಆ ಹಲಗೆಯಲ್ಲಿ ಯಾವತ್ತೋ ಬರೆದ 'ಸುಸ್ವಾಗತ' ಅರ್ಧ ಅಳಿಸಿಕೊಂಡು ನಿಂತಿತ್ತು. ನೋಡಿ ಸುಮ್ನೆ ಇರಲು ಆಗಲಿಲ್ಲ. ಮಾರನೇ ದಿನವೇ ಪೇಟೆಯಿಂದ ಒಂದು ಡಬ್ಬಿ ಚಾಕ್‌ಪೀಸ್ ತರಿಸಿದೆ.

ನಾವಿರುವುದು ದಾವಣಗೆರೆ ಊರಾಚೆ. ಮಳೆಗಾಲದಲ್ಲಿ ಸುತ್ತಲೂ ಮೆಕ್ಕೆಜೋಳ, ತೆನೆ ಬಿಟ್ಟ ಮೇಲೆ ರಸ್ತೆಯೇ ಕಾಣುವುದಿಲ್ಲ. ಸಾಲು ಮನೆಗಳು, ಒಂದೊಂದರಲ್ಲಿ ಒಬ್ಬರು ಇಲ್ಲಾ ಇಬ್ಬರು. ಈಗ ಒಟ್ಟು 41 ಜನ. ಅಂಚೆ ಕಚೇರಿಯಲ್ಲಿದ್ದವರು, ಬಸ್ಸು ಓಡಿಸಿದವರು, ಬಟ್ಟೆ ಅಂಗಡಿ ನಡೆಸಿದವರು, ಮನೆ ಬಿಟ್ಟು ಬೇರೇನೂ ನೋಡದ ಹೆಂಗಸರು, ಎಲ್ಲ ಇದ್ದಾರೆ. ಹೆಸರು ಹಿಡಿದು ಕರೆಯುವುದು ಕಡಿಮೆ. ಪೋಸ್ಟ್‌ಮಾಸ್ಟ್ರು, ಡ್ರೈವರ್ ಅಣ್ಣ, ಹಿರಿಯೂರಜ್ಜಿ ಅಂತಲೇ ಕರೆಯುತ್ತೇವೆ. ನಾನು ಎಲ್ಲರಿಗೂ ಅಕ್ಕೋರು.

ಹಲಗೆ ಮೇಲೆ ಏನು ಬರೆಯುತ್ತೀರಿ ಅಂತ ಮೊಮ್ಮಗಳು ಫೋನಿನಲ್ಲಿ ಕೇಳುತ್ತಾಳೆ. ನೀರು ಎಷ್ಟು ಹೊತ್ತಿಗೆ ಬರುತ್ತೆ. ಕಣ್ಣಿನ ಡಾಕ್ಟರು ಯಾವತ್ತು ಬರುತ್ತಾರೆ. ಯಾರ ಮಂಡಿ ನೋವು ಹೇಗಿದೆ. ಯಾರ ಮನೆಗೆ ಯಾರು ಬಂದಿದ್ದರು. ಸಂಜೆ ಮಂಡಕ್ಕಿ ಮಿರ್ಚಿ ಇದೆಯಾ ಇಲ್ಲವಾ. ಇದು ದಾವಣಗೆರೆ ನೋಡಿ, ಮಂಡಕ್ಕಿ ಇರುವ ದಿನ ಹಲಗೆ ಮುಂದೆ ಗುಂಪು ಜಾಸ್ತಿ. ಹಿರಿಯರ ಸಹಾಯವಾಣಿ 14567 ಅಂತ ಮೂಲೆಯಲ್ಲಿ ಬರೆದಿದ್ದೇನೆ, ಅದನ್ನು ಮಾತ್ರ ಅಳಿಸುವುದಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತ ಆಯ್ತಲ್ಲ, ಆವತ್ತು ದೊಡ್ಡ ಅಕ್ಷರದಲ್ಲಿ ಬರೆದೆ. ಅದೇ ವಾರ ಆರು ಜನ ಹೆಂಗಸರು ಹರಿಹರಕ್ಕೆ ಹೋಗಿ, ಹರಿಹರೇಶ್ವರನಿಗೆ ಕೈಮುಗಿದು, ತುಂಗಭದ್ರೆಯಲ್ಲಿ ಕಾಲು ನೆನೆಸಿಕೊಂಡು ಬಂದೆವು. ನಮ್ಮಲ್ಲಿ ಒಬ್ಬರು ಗಂಡ ತೀರಿಹೋದ ಮೇಲೆ ಬಸ್ಸನ್ನೇ ಹತ್ತಿರಲಿಲ್ಲ.

ಹಿರಿಯೂರಜ್ಜಿಯ ಸುದ್ದಿ ಹೇಳಲೇಬೇಕು. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟು ಕೋಡಿ ಬಿತ್ತು. ವಾಣಿವಿಲಾಸ ಸಾಗರ ಅಂತ ಕಾಗದದಲ್ಲಿ ಬರೆಯುತ್ತಾರೆ, ಆ ಕಡೆಯವರಿಗೆ ಅದು ಮಾರಿಕಣಿವೆಯೇ. ನೀರು 130 ಅಡಿ ದಾಟಿತ್ತು. ಅದಕ್ಕೆ ಮೊದಲು ಕೋಡಿ ಬಿದ್ದಿದ್ದು 1933ರಲ್ಲಿ. ಅಜ್ಜಿ ಹುಟ್ಟಿದ್ದು ಅದರ ಮಾರನೇ ವರ್ಷ. ಅವರ ತಾಯಿ ಮದುವೆಯಾದ ಹೊಸದರಲ್ಲಿ ಗಾಡಿ ಕಟ್ಟಿಕೊಂಡು ಹೋಗಿ ಆ ನೀರು ನೋಡಿದ್ದರಂತೆ. "ನಮ್ಮವ್ವ ಸಾಯೋ ತನಕ ಅದನ್ನೇ ಹೇಳೋಳು, ನನ್ನ ಕಣ್ಣಿಗೆ ಬೀಳಲೇ ಇಲ್ಲ" ಅಂತ ಅಜ್ಜಿ ಎಷ್ಟು ಸಲ ಹೇಳಿದ್ದರೋ. ಕೋಡಿ ಬಿದ್ದ ಸುದ್ದಿ ಬರೆದು ಮುಗಿಸುವ ಮೊದಲೇ ಅವರು ಬಂದು ಪಕ್ಕದಲ್ಲಿ ನಿಂತರು. ಅವರಿಗೆ ಓದು ಬರುವುದಿಲ್ಲ. 'ಮಾರಿಕಣಿವೆ' ಎಲ್ಲಿದೆ ತೋರಿಸಿ ಅಂದರು. ತೋರಿಸಿದೆ. ಆ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಮುಂದಿನ ಭಾನುವಾರ ಡ್ರೈವರ್ ಅಣ್ಣ ತಮ್ಮ ಪರಿಚಯದವರ ಟೆಂಪೋ ಮಾತಾಡಿದರು. ಚಿತ್ರದುರ್ಗ ದಾಟಿ, ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಅಜ್ಜಿಗೆ ಆಗ 88. ಕೋಡಿ ನೀರಿನ ಸದ್ದು ಕೇಳುತ್ತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟರು. ಹೊರಡೋಣ ಅಂತ ಹೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

ಆದರೆ ನಾನು ಇವತ್ತು ಬರೆಯಲು ಕೂತಿದ್ದು ಬೇರೆ ಒಂದು ಸುದ್ದಿಗಾಗಿ. ಎರಡು ವರ್ಷದಿಂದ ಮನಸ್ಸಿನಲ್ಲಿ ಕೂತಿದೆ.

ನಮ್ಮಲ್ಲಿ ಒಬ್ಬ ಹಿರಿಯರಿದ್ದರು. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ನೂಲು ತೆಗೆಯುವ ಕಡೆ ದುಡಿದವರು. ನಾವೆಲ್ಲ ಮಿಲ್ಲಿನ ಅಣ್ಣಾರು ಅನ್ನುತ್ತಿದ್ದೆವು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದವರು. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಬೆಳಿಗ್ಗೆ ಪಾಳಿಯ ಹೊತ್ತಿಗೆ ತಾನಾಗಿ ಎಚ್ಚರವಾಗುತ್ತಿತ್ತು. ಹತ್ತಿ ಧೂಳು ಕುಡಿದ ಎದೆ, ಕೆಮ್ಮು ಬಿಟ್ಟಿರಲಿಲ್ಲ. ಪಿಂಚಣಿ ತಿಂಗಳಿಗೆ ಸಾವಿರ ರೂಪಾಯಿ. 2014ರಲ್ಲಿ ಪಿ.ಎಫ್. ಪಿಂಚಣಿಗೆ ಕನಿಷ್ಠ ಅಂತ ನಿಗದಿ ಮಾಡಿದರಲ್ಲ, ಅದೇ. ಉಳಿದ ಖರ್ಚನ್ನು ರಾಣೆಬೆನ್ನೂರಿನಲ್ಲಿರುವ ಮಗಳು ನೋಡಿಕೊಳ್ಳುತ್ತಿದ್ದಳು. ಆಕೆ ಹೊಲಿಗೆ ಕೆಲಸ ಮಾಡಿ ಅಪ್ಪನನ್ನು ಇಲ್ಲಿ ಇಟ್ಟಿದ್ದಳು ಅನ್ನೋದು ನನಗೆ ಆಮೇಲೆ ಗೊತ್ತಾಯಿತು.

ನಾನು ಹಲಗೆ ಒರೆಸುವಷ್ಟರಲ್ಲಿ ಅಣ್ಣಾರು ಸ್ಟೀಲ್ ಲೋಟದಲ್ಲಿ ಚಹಾ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರು. ಎರಡನೇ ಕ್ಲಾಸಿನ ತನಕ ಓದಿದವರು. ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದುವರು. ಓದಿ ಮುಗಿಸಿ ಒಂದೇ ಮಾತು ಕೇಳುವರು: "ಅಕ್ಕೋರೆ, ಇವತ್ತು ನಂದೇನಾರ ಐತಾ?"

ಒಮ್ಮೆ 'ಮಿಲ್ಲಿನ ಅಣ್ಣಾರಿಗೆ ಕೆಮ್ಮು ಕಡಿಮೆಯಾಗಿದೆ' ಅಂತ ಬರೆದಿದ್ದೆ. ಅಷ್ಟಕ್ಕೇ ಆವತ್ತು ಇಡೀ ದಿನ ಹಲಗೆ ಹತ್ತಿರದ ಬೆಂಚಿನಲ್ಲೇ ಕೂತಿದ್ದರು. ಬಂದವರೆಲ್ಲ "ಹೌದೇನ್ರಿ, ಆರಾಮಾಯ್ತಾ?" ಅಂತ ಕೇಳುವರು. ಅವರು ಪ್ರತಿಯೊಬ್ಬರಿಗೂ ಮೊದಲಿಂದ ಹೇಳುವರು.

ಒಂದು ಬೆಳಿಗ್ಗೆ ಅಣ್ಣಾರು ಬರಲಿಲ್ಲ. ಮನೆಗೆ ಬೀಗ. ಕೇಳಿದರೆ "ಮಗಳ ಮನೆಗೆ ಹೋಗಿದ್ದಾರೆ" ಅಂದರು ಆಫೀಸಿನವರು. ರಾತ್ರಿ ಗಾಡಿ ಬಂದ ಸದ್ದು ನನಗೆ ಕೇಳಿಸಿತ್ತು. ಮಗಳೇ ಬಂದು ಕರೆದುಕೊಂಡು ಹೋಗಿರಬೇಕು ಅಂದುಕೊಂಡೆ. ಖುಷಿಯೂ ಆಯ್ತು. ಹಲಗೆ ಮೇಲೆ ನನ್ನ ಕೈಯಾರೆ ಬರೆದೆ: 'ಮಿಲ್ಲಿನ ಅಣ್ಣಾರು ರಾಣೆಬೆನ್ನೂರಿಗೆ ಮಗಳ ಮನೆಗೆ ಹೋಗಿದ್ದಾರೆ.' ಬರುವ ತನಕ ಇರಲಿ ಅಂತ ನಾಲ್ಕು ದಿನ ಆ ಸಾಲನ್ನು ಅಳಿಸಲಿಲ್ಲ.

ಐದನೇ ದಿನ ಮಗಳು ಒಬ್ಬಳೇ ಬಂದಳು, ಅಪ್ಪನ ಟ್ರಂಕ್ ಒಯ್ಯಲು. ಹಾಲ್ ಮುಂದೆ ಹಾದು ಹೋಗುವಾಗ ಹಲಗೆ ನೋಡಿ ನಿಂತಳು. ಓದಿದಳು. ನನ್ನ ಕಡೆ ತಿರುಗಿ, "ಯಾರು ಬರ್ದಿದ್ದಮ್ಮಾ ಇದು?" ಅಂದಳು. ಕೋಪ ಇರಲಿಲ್ಲ ಆ ದನಿಯಲ್ಲಿ. ಅಣ್ಣಾರು ಆ ರಾತ್ರಿಯೇ, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಹೋಗಿದ್ದರು. ಮಣ್ಣು ಮಾಡಿ ಮೂರು ದಿನವಾಗಿತ್ತು. "ಅಪ್ಪ ನಿಮ್ಮೆಲ್ಲರ ಸುದ್ದಿ ಫೋನಿನಲ್ಲಿ ಹೇಳೋರು. ಒಬ್ಬರಾದ್ರೂ ಬರ್ತೀರಿ ಅಂತ ಮಧ್ಯಾಹ್ನದ ತನಕ ಕಾದ್ವಿ" ಅಂದಳು.

ನಾನು ಏನು ಹೇಳಲಿ? ಒದ್ದೆ ಬಟ್ಟೆ ತರಲೂ ಕಾಲು ಏಳಲಿಲ್ಲ. ಸೆರಗಿನಿಂದಲೇ ಆ ಸಾಲು ಒರೆಸಿದೆ.

ಆಫೀಸಿನವರು ಕೆಟ್ಟವರಲ್ಲ. ಉಳಿದವರು ಹೆದರುತ್ತಾರೆ, ಬಿ.ಪಿ. ಏರುತ್ತದೆ, ಊಟ ಬಿಡುತ್ತಾರೆ ಅಂತ ಹಾಗೆ ಮಾಡುತ್ತಾರಂತೆ. ಮೊದಲಿನಿಂದಲೂ ಹಾಗೇ ನಡೆದಿತ್ತು. ಆಗ ನನಗೆ ಒಂದೊಂದಾಗಿ ನೆನಪಾಯಿತು. ಮಗನ ಹತ್ತಿರ ಹೋದರು ಅಂದವರು, ಬೇರೆ ಊರಿಗೆ ಹೋದರು ಅಂದವರು, ತಿರುಗಿ ಬಾರದವರು. ಎಷ್ಟು ಜನರ ಬಗ್ಗೆ ನಾನು ಹೀಗೆ ಬರೆದಿದ್ದೆನೋ.

ಪೋಸ್ಟ್‌ಮಾಸ್ಟ್ರ ಹತ್ತಿರ ಹೇಳಿಕೊಂಡೆ. ಅವರು ಅರ್ಜಿ ಬರೆಯುವುದರಲ್ಲಿ ಪಳಗಿದವರು. ಒಂದು ಪುಟ ಬರೆದು, ಎಲ್ಲರ ಸಹಿ ಹಾಕಿಸಿದರು. ಹಿರಿಯೂರಜ್ಜಿ ಹೆಬ್ಬೆಟ್ಟು ಒತ್ತಿದರು. ಮೀಟಿಂಗಿನಲ್ಲಿ ನಾನು ಹೇಳಿದ್ದು ಇಷ್ಟು. ನಾವು ಅಪ್ಪ ಅಮ್ಮನನ್ನು ಮಣ್ಣು ಮಾಡಿದವರು. ಗಂಡನನ್ನು, ಹೆಂಡತಿಯನ್ನು ಕಳಿಸಿದವರು. ಇಲ್ಲಿ ಮಗನನ್ನೇ ಕಳಕೊಂಡವರು ಇಬ್ಬರಿದ್ದಾರೆ. ಸಾವು ನಮಗೆ ಹೊಸದಲ್ಲ. ನಾನು ಸತ್ತಾಗಲೂ 'ಅಕ್ಕೋರು ಮಗಳ ಮನೆಗೆ ಹೋಗಿದ್ದಾರೆ' ಅಂತ ಯಾರೋ ಬರೆಯುತ್ತಾರಲ್ಲ, ಹೆದರಿಕೆ ಆಗೋದು ಅದಕ್ಕೆ.

ಎರಡು ತಿಂಗಳು ಮಾತುಕತೆ ನಡೆಯಿತು. ಕೊನೆಗೆ ಒಪ್ಪಿದರು. ಮನೆಯವರು ಹೂಂ ಅಂದರೆ ಹಲಗೆ ಮೇಲೆ ಬರೆಯಬಹುದು. ಹೋಗಿ ನೋಡಬೇಕು ಅನ್ನುವವರಿಗೆ ಗಾಡಿ ಕೊಡುತ್ತಾರೆ. ಮನೆಯವರು ಒಪ್ಪಿದರೆ ದೇಹವನ್ನು ಅರ್ಧ ಗಂಟೆ ಅಂಗಳಕ್ಕೆ ತರಬಹುದು. ತಿಂಡಿ ಆದ ಮೇಲೆಯೇ ಬರೆಯಬೇಕು ಅಂತ ಅವರದೊಂದು ಮಾತು. ಅದು ಸರಿ ಅನ್ನಿಸಿತು. ಸಕ್ಕರೆ ಕಾಯಿಲೆಯವರು ನಮ್ಮಲ್ಲಿ ಜಾಸ್ತಿ, ಇನ್ಸುಲಿನ್ ತಗೊಂಡು ತಿಂಡಿ ಬಿಟ್ಟರೆ ಬಿದ್ದೇ ಹೋಗುತ್ತಾರೆ.

ಈ ಜೂನಿನಲ್ಲಿ 22ನೇ ಮನೆ ಅತ್ತಿಗೆ ಹೋದರು. ತಿಂಡಿ ಮುಗಿದ ಮೇಲೆ ಬರೆದೆ. ಹೆಸರು, ವಯಸ್ಸು, ಎಷ್ಟು ಹೊತ್ತಿಗೆ ತೀರಿಕೊಂಡರು, ದೇಹ ಎಷ್ಟು ಹೊತ್ತಿಗೆ ಬರುತ್ತದೆ. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: 'ನಮಗೆಲ್ಲ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಕೊಡುತ್ತಿದ್ದರು.' ಕೈ ನಡುಗಿತು. ಆದರೂ ಅಕ್ಷರ ಕೆಡದ ಹಾಗೆ ಬರೆದೆ.

ಹನ್ನೊಂದು ಗಂಟೆಗೆ ಗಾಡಿ ಬಂತು. ಆಗ ನೋಡಬೇಕಿತ್ತು. ವಾಕರ್ ಹಿಡಿದವರು, ಗಾಲಿ ಕುರ್ಚಿಯವರು, ರೂಮು ಬಿಟ್ಟು ಬಾರದವರು, ಎಲ್ಲ ಅಂಗಳದಲ್ಲಿ. ಹೂವು ತರಲು ಪೇಟೆಗೆ ಯಾರೂ ಹೋಗಲಿಲ್ಲ. ನಮ್ಮ ಕಾಂಪೌಂಡಿನ ದಾಸವಾಳ, ಕಣಗಿಲೆ ಕಿತ್ತು ತಂದಿದ್ದರು. ಹಣೆಗೆ ವಿಭೂತಿ ಹಚ್ಚಿ ಕೂರಿಸಿದ್ದರು ಅತ್ತಿಗೆಯನ್ನು. ಹಿರಿಯೂರಜ್ಜಿ ಹತ್ತಿರ ಹೋಗಿ ಅವರ ಸೆರಗು ಸರಿ ಮಾಡಿ, "ಹೋಗ್ಬಾ ತಾಯಿ" ಅಂದರು. ಅತ್ತಿಗೆಯ ಮಗ ಬೆಂಗಳೂರಿಂದ ಬಂದಿದ್ದ. ಅಮ್ಮನಿಗೆ ಇಷ್ಟು ಜನ ಇದ್ದರು ಅಂತ ಗೊತ್ತೇ ಇರಲಿಲ್ಲ ಅಂತ ಕಂಬ ಹಿಡಿದುಕೊಂಡು ಅತ್ತ.

ಸಂಜೆ ನರ್ಸು ಬಂದು ಎಲ್ಲರ ಬಿ.ಪಿ. ನೋಡಿದಳು. ಇಬ್ಬರದು ಏರಿತ್ತು, ಅದರಲ್ಲಿ ನನ್ನದೂ ಒಂದು. ಮಾರನೇ ದಿನ ಇಳಿಯಿತು. ರಾತ್ರಿ ಯಾರೂ ಊಟ ಬಿಡಲಿಲ್ಲ. ಎಲೆಯಲ್ಲಿ ಉಪ್ಪಿನಕಾಯಿ ಬಿದ್ದಾಗ ಮಾತ್ರ ಒಂದು ಗಳಿಗೆ ಎಲ್ಲರೂ ಸುಮ್ಮನಾದೆವು. ಅದು ಅವರೇ ಹಾಕಿದ ಜಾಡಿಯದು.

ಅಣ್ಣಾರ ಬಗ್ಗೆಯೂ ಬರೆದೆ, ತಡವಾಗಿ. ಅವರ ವರ್ಷದ ದಿನ ಮಗಳಿಗೆ ಫೋನ್ ಮಾಡಿ ಕೇಳಿಕೊಂಡೆ. ಹಲಗೆಯ ಮೊದಲ ಸಾಲಿನಲ್ಲೇ ಅವರ ಪೂರ್ತಿ ಹೆಸರು ಬರೆದೆ, ಮಿಲ್ಲಿನಲ್ಲಿ ಎಷ್ಟು ವರ್ಷ ದುಡಿದರು ಅಂತ ಬರೆದೆ. ಆ ಹೆಸರು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಡ್ರೈವರ್ ಅಣ್ಣ ಫೋಟೋ ತೆಗೆದು ಆಕೆಗೆ ಕಳಿಸಿದರು.

ಈಗ ನವೆಂಬರ್. ಪಿಂಚಣಿದಾರರು ಬದುಕಿದ್ದೇವೆ ಅಂತ ತೋರಿಸುವ ಜೀವನ ಪ್ರಮಾಣ ಪತ್ರದ ತಿಂಗಳು. ನಾಳೆ ಬೆಳಿಗ್ಗೆ ಪೋಸ್ಟ್‌ಮ್ಯಾನ್ ಇಲ್ಲಿಗೇ ಬರುತ್ತಾನೆ. ಒಬ್ಬರಿಗೆ 70 ರೂಪಾಯಿ, ಆಧಾರ್ ಮತ್ತು ಪಿಂಚಣಿ ನಂಬರು ಹಿಡಿದುಕೊಂಡು ಕೂರಬೇಕು. ಹನ್ನೊಂದು ಜನರ ಹೆಸರು ಬರೆದಿದ್ದೇನೆ. ಹಿರಿಯೂರಜ್ಜಿಗೆ ಗಂಡನ ಪಿಂಚಣಿ ಬರುತ್ತದೆ. 91 ವರ್ಷದ ಬೆರಳು, ಗೆರೆಯೆಲ್ಲ ಸವೆದು ಹೋಗಿದೆ, ಹೋದ ವರ್ಷ ಮಿಷನ್ ಆರು ಸಲ ಬೇಡ ಅಂದಿತ್ತು. ಈ ಸಲ ಮೊಬೈಲಿನಲ್ಲಿ ಮುಖ ತೋರಿಸಿ ಮಾಡೋಣ ಅಂದಿದ್ದಾನೆ. ಅದಕ್ಕೆ ಬೆಳಕು ಚೆನ್ನಾಗಿರಬೇಕು. ಒಂಬತ್ತು ಗಂಟೆಗೆ ಹಾಲ್‌ನ ಪೂರ್ವದ ಬಾಗಿಲಲ್ಲಿ, ಹಲಗೆ ಪಕ್ಕದಲ್ಲೇ ಬಿಸಿಲು ಬೀಳುತ್ತದೆ. ಅಲ್ಲೇ ಒಂದು ಕುರ್ಚಿ ಹಾಕಿಸುತ್ತೇನೆ.