ಬಿಲ್ ಕೊಡದ ಟೇಬಲ್ಲು ಮತ್ತು ಪ್ರೆಸೆಂಟ್ ಪರ್ಫೆಕ್ಟು

ಸಂಜೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬರುವವರು ದಿನವಿಡೀ ದುಡಿದು ಬಂದವರು. ಬೋರ್ಡಿನ ಮೇಲೆ ಟೆನ್ಸ್ ಕೋಷ್ಟಕ ಕಂಡರೆ ಸಾಕು, ಆಕಳಿಕೆ ಶುರು. ಅದಕ್ಕೇ ಅವತ್ತು ಜಿಲ್ ಪ್ರೈಸ್ ಕಥೆ ಎತ್ತಿಕೊಂಡೆ. ಕ್ಯಾಲಿಫೋರ್ನಿಯಾದ ಈಕೆಗೆ 1980ರಿಂದೀಚಿನ ಹೆಚ್ಚುಕಡಿಮೆ ಎಲ್ಲ ದಿನಗಳೂ ನೆನಪಿವೆ. ಸಂಶೋಧಕರು ಒಮ್ಮೆ ಮುನ್ಸೂಚನೆ ಇಲ್ಲದೆ 1980ರಿಂದ 2003ರವರೆಗಿನ ಈಸ್ಟರ್ ತಾರೀಖುಗಳನ್ನು ಕೇಳಿದರಂತೆ. 10 ನಿಮಿಷದಲ್ಲಿ 24ನ್ನೂ ಬರೆದುಕೊಟ್ಟರು. ತಪ್ಪಿದ್ದು ಒಂದೇ, ಅದೂ ಎರಡು ದಿನದ ವ್ಯತ್ಯಾಸ. ಯಹೂದಿಯಾದ ಆಕೆಗೆ ಅದು ತಮ್ಮ ಹಬ್ಬವೂ ಅಲ್ಲ! ಜೊತೆಗೆ, ಆ ದಿನಗಳಲ್ಲಿ ತಾವೇನು ಮಾಡಿದ್ದೆವು ಅಂತಲೂ ಬರೆದಿದ್ದರು.

"ಸರಿ, ಹೋದ ಭಾನುವಾರ ಸಂಜೆ ಐದಕ್ಕೆ ನೀವೇನು ಮಾಡ್ತಿದ್ರಿ?" ಎಂದೆ. ಐ ವಾಸ್ ವಾಷಿಂಗ್, ಐ ವಾಸ್ ಸ್ಲೀಪಿಂಗ್... ಪಾಸ್ಟ್ ಕಂಟಿನ್ಯುಯಸ್ ಸಲೀಸಾಗಿ ಮುಗಿಯಿತು. ಗಾಡಿ ನಿಂತಿದ್ದು ಎಂದಿನಂತೆ ಪ್ರೆಸೆಂಟ್ ಪರ್ಫೆಕ್ಟಿನಲ್ಲಿ. "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ" ಅನ್ನುವ ತಪ್ಪನ್ನು ಯಾರ ಬಾಯಿಂದಲೂ ಬಿಡಿಸಲಾಗದು.

ಹಿಂದಿನ ಬೆಂಚಿನಲ್ಲಿ ಒಬ್ಬ ಹೋಟೆಲ್ ಸಪ್ಲೈಯರ್ ಇದ್ದ. "ನಂಗೂ ನೆನಪಿರುತ್ತೆ ಸಾರ್. ಐದಾರು ಟೇಬಲ್ ಆರ್ಡರ್ ಬರ್ಕೊಳ್ಳದೇ ಹೇಳ್ತೀನಿ. ಆದ್ರೆ ಬಿಲ್ ಕೊಟ್ಟು ಎದ್ದೋದ್ರೆ ಯಾರು ಏನು ತಿಂದ್ರು ಅಂತ ಒಂದೂ ನೆನಪಿರಲ್ಲ" ಎಂದ.

ನನಗೆ ಬರ್ಲಿನ್ನಿನ ಹಳೆಯ ಕಥೆ ನೆನಪಾಯಿತು. ಅಲ್ಲಿನ ವೇಟರುಗಳಿಗೂ ಹೀಗೇ, ದುಡ್ಡು ಬರುವವರೆಗೆ ಮಾತ್ರ ಆರ್ಡರ್ ನೆನಪಿರುತ್ತಿತ್ತಂತೆ. ಮುಗಿಯದ ಕೆಲಸ ಮುಗಿದದ್ದಕ್ಕಿಂತ ಹೆಚ್ಚು ನೆನಪಿರುತ್ತದೆಂದು ಮನಶ್ಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ್ದು ಈ ಗುಂಗಿನಲ್ಲೇ ಎನ್ನುತ್ತಾರೆ. ಆಮೇಲಿನ ಪ್ರಯೋಗಗಳಲ್ಲಿ ಅದು ಪ್ರತಿಸಲವೂ ನಿಜವಾಗಲಿಲ್ಲ, ಇರಲಿ. ನನಗೆ ಬೇಕಿದ್ದುದು ಆ ಬಿಲ್ಲು.

"ಮೂರನೇ ಟೇಬಲ್ಲಿನವರು ಇನ್ನೂ ಕೂತಿದ್ದಾರೆ, ಬಿಲ್ ಬಾಕಿ. ದೇ ಹ್ಯಾವ್ ಆರ್ಡರ್ಡ್ ಟೂ ಖಾಲಿ ದೋಸೆ. ನಿನ್ನೆಯವರು ಕೊಟ್ಟು ಹೋದರು. ದೇ ಆರ್ಡರ್ಡ್ ಇಡ್ಲಿ ಯೆಸ್ಟರ್‌ಡೇ. ಲೆಕ್ಕ ಚುಕ್ತಾ, 'ಹ್ಯಾವ್' ಬೇಡ."

ಕ್ಲಾಸು ಎಚ್ಚರವಾಯಿತು. ಗಾರ್ಮೆಂಟ್ಸಿನ ಹುಡುಗಿಯೊಬ್ಬಳು ತಕ್ಷಣ, "ಐ ಹ್ಯಾವ್ ಪೇಯ್ಡ್ ಟೂ ಇನ್‌ಸ್ಟಾಲ್‌ಮೆಂಟ್ಸ್, ಇನ್ನೂ ಹತ್ತು ಇದೆ ಸಾರ್" ಎಂದಳು. ನನ್ನ ಯಾವ ಕೋಷ್ಟಕದಿಂದಲೂ ಇಂಥ ಉದಾಹರಣೆ ಹುಟ್ಟಿದ್ದಿಲ್ಲ.

ಸಪ್ಲೈಯರ್ ಮತ್ತೆ ಕೈಯೆತ್ತಿದ. "ಬಿಲ್ ಕೊಡದೇ ಓಡಿಹೋದೋನಿಗೆ ಯಾವ ಟೆನ್ಸ್ ಸಾರ್?"

ಪಾಸ್ಟ್ ಪರ್ಫೆಕ್ಟನ್ನು ಮರುದಿನಕ್ಕೆ ಇಟ್ಟುಕೊಂಡಿದ್ದೆ. ಬಿಡಲಿಲ್ಲವಲ್ಲ, ಬೋರ್ಡಿನ ಮೇಲೆ ಬರೆದೆ: ವೆನ್ ಐ ಬ್ರಾಟ್ ದ ಬಿಲ್, ಹಿ ಹ್ಯಾಡ್ ಲೆಫ್ಟ್.