ನಮ್ಮ ಡೀಸೆಲ್ ಕಾರನ್ನ ವಾಪಸ್ ಕೊಟ್ಟಿದ್ದು

2017ರ ಮಾರ್ಚ್‌ನಲ್ಲಿ ನಮ್ಮ ಫೋಕ್ಸ್‌ವ್ಯಾಗನ್ ಜೆಟ್ಟಾ ಡೀಸೆಲ್ ಕಾರನ್ನ ವಾಪಸ್ ಕೊಟ್ಟು ಬಂದ್ವಿ. ಮಾರಿದ್ದೂ ಅಲ್ಲ, ಎಕ್ಸ್‌ಚೇಂಜ್‌ಗೆ ಹಾಕಿದ್ದೂ ಅಲ್ಲ, ಹೊಗೆ ಟೆಸ್ಟಲ್ಲಿ ಮೋಸ ಮಾಡಿದ್ದಕ್ಕೆ ಕೋರ್ಟಲ್ಲಿ ತೀರ್ಮಾನ ಆದ್ಮೇಲೆ ಕಂಪನಿಯವರೇ ದುಡ್ಡು ಕೊಟ್ಟು ತಗೊಂಡಿದ್ದು. ಊರಲ್ಲಿ ಯಾರಿಗೆ ಹೇಳಿದ್ರೂ ಮೊದಲು ನಂಬಲ್ಲ, ಐದು ವರ್ಷ ಓಡಿಸಿದ ಗಾಡಿನ ಯಾವ ಕಂಪನಿಯವನು ವಾಪಸ್ ತಗೋತಾನೆ ಮಾರಾಯ ಅಂತಾರೆ. ದುಡ್ಡಿನ ಲೆಕ್ಕದಲ್ಲಿ ನಮಗೆ ನಷ್ಟ ಆಗ್ಲಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದ್ರೂ ಅವತ್ತು ಮನೆಗೆ ಬರ್ತಾ ನನಗೆ ಸಮಾಧಾನ ಅನ್ನಿಸ್ಲಿಲ್ಲ, ಯಾಕೆ ಅಂತ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು.

ನಾವಿರೋದು ಮಿಶಿಗನ್‌ನ ಟ್ರಾಯ್‌ನಲ್ಲಿ. ಡೆಟ್ರಾಯಿಟ್ ಸುತ್ತಮುತ್ತ ಇರೋ ಕನ್ನಡದವರಲ್ಲಿ ಬಹಳ ಜನ ಕಾರ್ ಕಂಪನಿಲೋ ಅದಕ್ಕೆ ಪಾರ್ಟ್ಸ್ ಕೊಡೋ ಕಂಪನಿಲೋ ಇರೋರು, ಹಬ್ಬಕ್ಕೆ ಸೇರಿದ್ರೂ ಎಂಜಿನ್ನು ಗೇರುಬಾಕ್ಸು ಅಂತಲೇ ಮಾತು. ನನ್ನ ಕೆಲಸ ಆನ್ ಆರ್ಬರ್‌ನಲ್ಲಿ, ಹೋಗಿ ಬರೋದು ದಿನಾ ಹತ್ತಿರ ಹತ್ತಿರ ನೂರು ಮೈಲಿ. ಅಷ್ಟು ದೂರ ಓಡಿಸೋನಿಗೆ ಡೀಸೆಲ್ಲೇ ಸರಿ, ಅದ್ರಲ್ಲೂ ಇದು 'ಕ್ಲೀನ್ ಡೀಸೆಲ್', ಪರಿಸರಕ್ಕೂ ಒಳ್ಳೇದು ಅಂತ ಎಲ್ಲ ಕಡೆ ಜಾಹೀರಾತು ಬರ್ತಿತ್ತು. ಈ ಕಾರಿಗೆ 2009ರ ಗ್ರೀನ್ ಕಾರ್ ಆಫ್ ದಿ ಇಯರ್ ಅಂತ ಪ್ರಶಸ್ತಿ ಬೇರೆ ಕೊಟ್ಟಿದ್ರು, ಸರ್ಕಾರ ತೆರಿಗೆಯಲ್ಲಿ 1,300 ಡಾಲರ್ ವಿನಾಯಿತಿನೂ ಕೊಟ್ಟಿತ್ತು. ನಾವು 2012ರಲ್ಲಿ ತಗೊಳ್ಳೋಕೆ ಹೋದಾಗ ಸೇಲ್ಸ್‌ನವನು ಒಂದು ಬಿಳೀ ಟಿಶ್ಯೂ ತಗೊಂಡು ಸೈಲೆನ್ಸರ್ ಪೈಪಿನ ಬಾಯೊಳಗೆ ಬೆರಳು ಹಾಕಿ ಒರೆಸಿ ತೋರಿಸಿದ, ಟಿಶ್ಯೂ ಹಾಗೇ ಬೆಳ್ಳಗಿತ್ತು. ಹಾಸನದಲ್ಲಿ ಬಸ್ಸು ಲಾರಿ ಹಿಂದೆ ಸ್ಕೂಟರ್ ಓಡಿಸಿ ಮುಖ ಕಪ್ಪು ಮಾಡ್ಕೊಂಡು ಬೆಳೆದ ನನಗೆ ಅದಕ್ಕಿಂತ ಇನ್ನೇನು ಪ್ರೂಫ್ ಬೇಕು.

ಆ ಟಿಶ್ಯೂ ಸುಳ್ಳು ಹೇಳಿರಲಿಲ್ಲ. ಮಸಿನ ಹಿಡಿಯೋ ಫಿಲ್ಟರ್ ಆ ಕಾರಲ್ಲಿ ನಿಜವಾಗ್ಲೂ ಇತ್ತು, ಅದು ಕೆಲಸನೂ ಮಾಡ್ತಿತ್ತು. ಮೋಸ ಇದ್ದಿದ್ದು ಕಣ್ಣಿಗೆ ಕಾಣದ ಜಾಗದಲ್ಲಿ. ಡೀಸೆಲ್ ಉರಿಯುವಾಗ ನೈಟ್ರೋಜನ್ ಆಕ್ಸೈಡ್‌ಗಳು ಬರ್ತವೆ, ನಾಕ್ಸ್ ಅಂತಾರೆ, ಅದು ಪೈಪಿಂದ ಬರುವಾಗ ಕಾಣಲ್ಲ, ಟಿಶ್ಯೂಗೆ ಅಂಟಲ್ಲ, ಆದ್ರೆ ಶ್ವಾಸಕೋಶಕ್ಕೆ ಹೋಗುತ್ತೆ, ಬಿಸಿಲಲ್ಲಿ ನೆಲಮಟ್ಟದ ಓಜೋನ್ ಆಗೋಕೆ ಕಾರಣ ಆಗುತ್ತೆ, ಅಸ್ತಮಾ ಇರೋರಿಗೆ ಕಷ್ಟ ಕೊಡುತ್ತೆ.

2015ರ ಸೆಪ್ಟೆಂಬರ್ 18, ಗಣೇಶನ ಹಬ್ಬದ ಮಾರನೇ ದಿನ. ಅಮೆರಿಕದ ಪರಿಸರ ಇಲಾಖೆ, ಇಪಿಎ, ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಕೊಡ್ತು. 2009ರಿಂದ 2015ರ ತನಕದ ಎರಡು ಲೀಟರ್ ಡೀಸೆಲ್ ಕಾರುಗಳಲ್ಲಿ ಟೆಸ್ಟ್ ನಡೀತಿದೆಯೋ ಇಲ್ವೋ ಅಂತ ಕಂಡುಹಿಡಿಯೋ ಸಾಫ್ಟ್‌ವೇರ್ ಇದೆ, ರಸ್ತೆ ಮೇಲೆ ಓಡುವಾಗ ನಾಕ್ಸ್ ಮಿತಿಗಿಂತ ನಲವತ್ತು ಪಟ್ಟು ತನಕ ಹೋಗುತ್ತೆ ಅಂತ. ಇಪಿಎಯ ವಾಹನ ಟೆಸ್ಟ್ ಲ್ಯಾಬ್ ಇರೋದು ಇದೇ ಆನ್ ಆರ್ಬರ್‌ನಲ್ಲಿ, ಅದರ ಊರಲ್ಲೇ ನಾನು ದಿನಾ ಆ ಕಾರು ಓಡಿಸ್ಕೊಂಡು ಹೋಗ್ತಿದ್ದೆ. ಪ್ರಪಂಚದ ಎಲ್ಲ ಕಡೆ ಸೇರಿಸಿ 1.1 ಕೋಟಿ ಗಾಡಿಯಲ್ಲಿ ಈ ಸಾಫ್ಟ್‌ವೇರ್ ಇದೆ ಅಂತ ಕೆಲವೇ ದಿನಕ್ಕೆ ಕಂಪನಿನೇ ಒಪ್ಕೊಳ್ತು, ಅದರ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ರು.

ನಮ್ಮ ಫ್ರೆಂಡ್ ಒಬ್ರು ಎಂಜಿನ್ ಕ್ಯಾಲಿಬ್ರೇಷನ್ ಕೆಲಸದಲ್ಲಿರೋರು, ಆ ಶನಿವಾರ ಮನೆಗೆ ಬಂದಾಗ ಕೂತು ಬಿಡಿಸಿ ಹೇಳಿದ್ರು. ಟೆಸ್ಟ್ ಅನ್ನೋದು ಕಾರನ್ನ ರೋಲರ್ ಮೇಲೆ ನಿಲ್ಲಿಸಿ ಮಾಡೋದು, ಚಕ್ರ ತಿರುಗುತ್ತೆ ಆದ್ರೆ ಸ್ಟೀರಿಂಗ್ ಅಲ್ಲಾಡಲ್ಲ, ಸ್ಪೀಡು ಎಷ್ಟು ಸೆಕೆಂಡಿಗೆ ಎಷ್ಟಿರಬೇಕು ಅನ್ನೋದೂ ಮೊದಲೇ ಗೊತ್ತಿರುತ್ತೆ. ಇದನ್ನೆಲ್ಲ ನೋಡಿ ಸಾಫ್ಟ್‌ವೇರ್ ಓಹೋ ಟೆಸ್ಟ್ ನಡೀತಿದೆ ಅಂತ ತಿಳ್ಕೊಂಡು ನಾಕ್ಸ್ ಹಿಡಿಯೋ ಸಿಸ್ಟಮ್ ಪೂರ್ತಿ ಆನ್ ಮಾಡುತ್ತೆ, ರಸ್ತೆಗೆ ಇಳಿದ ಮೇಲೆ ಸಡಿಲ ಬಿಡುತ್ತೆ. ನಮ್ಮ ಕಾರಲ್ಲಿದ್ದ ನಾಕ್ಸ್ ಟ್ರ್ಯಾಪನ್ನ ಆಗಾಗ ಕ್ಲೀನ್ ಮಾಡೋಕೆ ಎಂಜಿನ್ ಜಾಸ್ತಿ ಡೀಸೆಲ್ ಸುಡಬೇಕು, ಮಸಿ ಫಿಲ್ಟರ್ ಮೇಲೂ ಹೊರೆ ಬೀಳುತ್ತೆ, ಅದನ್ನ ತಪ್ಪಿಸೋಕೆ ಈ ಆಟ. "ನಿಮ್ಮ ಕಾರು ಗ್ಯಾಲನ್‌ಗೆ ನಲವತ್ತೆರಡು ಮೈಲಿ ಕೊಡುತ್ತೆ ಅಂತಿದ್ರಲ್ಲ ಸರ್, ಅದರಲ್ಲಿ ಒಂದು ಪಾಲು ಇಲ್ಲಿಂದ ಬಂದಿದ್ದು" ಅಂದ್ರು. ನನ್ನ ಹೆಂಡತಿ ಏನೂ ಮಾತಾಡದೆ ಎದ್ದು ಒಳಗೆ ಹೋದ್ಲು.

ನಮ್ಮ ಚಿಕ್ಕ ಮಗನಿಗೆ ಆಗ ಉಬ್ಬಸ. ಚಳಿಗಾಲ ಬಂತು ಅಂದ್ರೆ ರಾತ್ರಿ ನೆಬ್ಯುಲೈಸರ್ ಹಾಕ್ಕೊಂಡು ಕೂರಬೇಕು. ಅದಕ್ಕೆ ನಮ್ಮ ಕಾರು ಕಾರಣ ಅಂತ ಯಾವ ಡಾಕ್ಟ್ರೂ ಹೇಳಿಲ್ಲ, ಹೇಳೋಕೂ ಆಗಲ್ಲ, ಒಂದು ಕಾರಿನಿಂದ ಒಂದು ಮಗುವಿಗೆ ಅಂತ ಗೆರೆ ಎಳೆಯೋಕೆ ಯಾರಿಗೂ ಸಾಧ್ಯ ಇಲ್ಲ. ಅದೇ ಇದರಲ್ಲಿ ಅತಿ ಕೆಟ್ಟದ್ದು ಅಂತ ನನಗನ್ಸುತ್ತೆ. ಲಕ್ಷಾಂತರ ಕಾರುಗಳಿಂದ ಎಷ್ಟೋ ಜನರಿಗೆ ತೊಂದರೆ ಆಗಿರುತ್ತೆ ಅಂತ ಲೆಕ್ಕ ಹಾಕಬಹುದು, ಆದ್ರೆ ಇಂಥವರಿಗೇ ಆಯ್ತು ಅಂತ ಬೆರಳು ಮಾಡಿ ತೋರಿಸೋಕಾಗಲ್ಲ, ಹಾಗಾಗಿ ಅವರ ಪರ ಕೋರ್ಟಲ್ಲಿ ನಿಂತ್ಕೊಳ್ಳೋರೂ ಯಾರೂ ಇರಲ್ಲ.

ಅಲ್ಲಿಂದ ಒಂದೂವರೆ ವರ್ಷ ನಮ್ಮದು ತ್ರಿಶಂಕು ಸ್ಥಿತಿ. ಮಾರೋಣ ಅಂದ್ರೆ ಕೇಳೋರಿಲ್ಲ, ಓಡಿಸೋಣ ಅಂದ್ರೆ ಮನಸ್ಸಿಲ್ಲ, ಹಾಗಂತ ಕೆಲಸಕ್ಕೆ ಹೋಗದೆ ಇರೋಕಾಗುತ್ತಾ, ಸಾಲದ ಕಂತು ಬೇರೆ ನಡೀತಾ ಇತ್ತು. ಕಂಪನಿಯಿಂದ 500 ಡಾಲರಿನ ಒಂದು ಕಾರ್ಡು, ಡೀಲರ್ ಹತ್ರ ಖರ್ಚು ಮಾಡೋಕೆ ಇನ್ನೊಂದು 500 ಅಂತ ಮೊದಲು ಬಂತು. ಕೆಲವರು ತಕ್ಷಣ ತಗೊಂಡ್ರು, ನನ್ನ ಹೆಂಡತಿ ಬಹಳ ದಿನ ಅದನ್ನ ಮುಟ್ಟೋಕೇ ಒಪ್ಲಿಲ್ಲ. ಕೊನೆಗೆ 2016ರ ಅಕ್ಟೋಬರ್ 25ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಡ್ಜ್ ಚಾರ್ಲ್ಸ್ ಬ್ರೇಯರ್ ಒಪ್ಪಂದಕ್ಕೆ ಒಪ್ಪಿಗೆ ಕೊಟ್ರು. ಒಟ್ಟು 1,470 ಕೋಟಿ ಡಾಲರ್ ತನಕ, ಸುಮಾರು 4.75 ಲಕ್ಷ ಕಾರು. ಹಗರಣ ಹೊರಗೆ ಬರೋಕೆ ಮುಂಚೆ, ಅಂದ್ರೆ ಸೆಪ್ಟೆಂಬರ್ 2015ರಲ್ಲಿ ಕಾರಿಗೆ ಏನು ಬೆಲೆ ಇತ್ತೋ ಅದು, ಅದರ ಮೇಲೆ ಕಮ್ಮಿ ಅಂದ್ರೂ 5,100 ಡಾಲರ್ ಪರಿಹಾರ. ಬೇಡ ಅನ್ನೋರು ಕಾರು ಇಟ್ಕೊಂಡು ರಿಪೇರಿ ಮಾಡಿಸ್ಕೋಬಹುದು, ಆದ್ರೆ ನಮ್ಮ ಮಾಡೆಲ್‌ಗೆ ರಿಪೇರಿ ಇನ್ನೂ ಒಪ್ಪಿಗೆ ಆಗಿರಲಿಲ್ಲ. ನಾವು ವಾಪಸ್ ಕೊಡೋದೇ ಅಂತ ಫಾರ್ಮ್ ತುಂಬಿದ್ವಿ.

ಅಪಾಯಿಂಟ್‌ಮೆಂಟ್ ದಿನ ಬೆಳಿಗ್ಗೆ ಕಾರಿನೊಳಗೆ ಇದ್ದಿದ್ದೆಲ್ಲ ತೆಗೆದ್ವಿ, ಡ್ಯಾಶ್‌ಬೋರ್ಡಿನ ಪುಟ್ಟ ಗಣೇಶನ್ನ ಅಮ್ಮ ಅರಿಶಿನ ಕುಂಕುಮದ ಸಮೇತ ಬಿಡಿಸಿ ಸೆರಗಲ್ಲಿ ಇಟ್ಕೊಂಡ್ರು. ಅಮ್ಮ ಆಗ ಊರಿಂದ ಬಂದು ನಮ್ಮ ಜೊತೆ ಇದ್ರು. ಮಿಶಿಗನ್‌ನಲ್ಲಿ ನಂಬರ್ ಪ್ಲೇಟ್ ಕಾರಿನ ಜೊತೆ ಹೋಗಲ್ಲ, ನಾವೇ ಬಿಚ್ಕೋಬೇಕು, ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರೆ ಅಲ್ವಾ, ಅದಕ್ಕೆ ಸ್ಕ್ರೂ ತುಕ್ಕು ಹಿಡಿದು ಕಚ್ಕೊಂಡಿತ್ತು. ಡೀಲರ್ ಹತ್ರಾನೇ ಚಳಿ ಗಾಳಿಲಿ ಮಂಡಿಯೂರಿ ಕೂತು ಸ್ಕ್ರೂಡ್ರೈವರ್ ಒತ್ತಿ ತಿರುಗಿಸ್ತಾ ಇದ್ದೆ, ತಲೆ ಸವೆದು ಹೋಗಿ ಸ್ಕ್ರೂ ಜಾರೋದು, ಎಣ್ಣೆ ಬಿಟ್ಟು ಕಾಯೋದು, ಮತ್ತೆ ತಿರುಗಿಸೋದು. ಪಕ್ಕದಲ್ಲಿ ಒಬ್ಬ ವಯಸ್ಸಾದ ಅಮೆರಿಕನ್ನರು, ಅವರದ್ದು ಸ್ಟೇಷನ್ ವ್ಯಾಗನ್ ಮಾಡೆಲ್ಲು, ನನ್ನ ಒದ್ದಾಟ ನೋಡಿ ಡಿಕ್ಕಿಯಿಂದ ಒಂದು ಇಕ್ಕಳ ತಂದು ಕೊಟ್ರು. ಅವರು ನಲವತ್ತು ವರ್ಷದಿಂದ ಇದೇ ಕಂಪನಿ ಡೀಸೆಲ್ ಓಡಿಸಿದವರಂತೆ. ಕಾರ್ ಬಾನೆಟ್ ಮೇಲೆ ಕೈ ಇಟ್ಕೊಂಡು, ಇದು ನನಗೆ ಯಾವತ್ತೂ ಕೈ ಕೊಟ್ಟಿಲ್ಲ, ಕೈ ಕೊಟ್ಟಿದ್ದು ಇದನ್ನ ಮಾಡಿದೋರು, ಅಂದ್ರು. ಆ ಮಾತು ನನಗೆ ನ್ಯಾಯವಾಗಿ ಕಂಡಿತು. ಕಾರು ಒಳ್ಳೇ ಕಾರೇ. ಆ ಎಂಜಿನ್ ಮಾಡಿದೋರಲ್ಲಿ ಎಷ್ಟೋ ಜನ ಮರ್ಯಾದೆಯಿಂದ ಕೆಲಸ ಮಾಡಿರ್ತಾರೆ.

ಒಳಗೆ ಕೆಲಸ ಬೇಗ ಮುಗೀತು. ಒಂದು ಸಣ್ಣ ರೂಮು, ಒಬ್ಬಳು ಹುಡುಗಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ಲು, ಕಾರು ತನ್ನ ಎಂಜಿನ್ನಿಂದಲೇ ಓಡುತ್ತಾ ಅಂತ ನೋಡಿ, ಮೈಲಿ ಬರ್ಕೊಂಡು, ಟೈಟಲ್ ಪೇಪರ್ ಮೇಲೆ ಸೈನ್ ಹಾಕಿಸಿ, ಎರಡೂ ಕೀ ತಗೊಂಡ್ಲು. ತುಂಬಾ ಮೈಲಿ ಓಡಿಸಿದ್ರಿಂದ ಸ್ವಲ್ಪ ಕಡಿತ ಆಗಿ, ಉಳಿದಿದ್ದ ಸಾಲ ತೀರಿ, ಮಿಕ್ಕಿದ್ದು ಕೆಲವು ದಿನಕ್ಕೆ ಅಕೌಂಟಿಗೆ ಬಂತು. ಆ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದ್ಲು. ಕೊನೇಲಿ ನಾನು ಒಂದು ಪ್ರಶ್ನೆ ಕೇಳ್ದೆ, ಕಾರು ತಗೊಂಡವರಿಗೆ ದುಡ್ಡು ಸಿಕ್ತು, ಆ ಗಾಳಿ ಕುಡಿದವರಿಗೆ? ಅವಳ ಹತ್ರ ಉತ್ತರ ಇರಲಿಲ್ಲ, ಇರಬೇಕಾದ ಜಾಗನೂ ಅದಲ್ಲ.

ಆಮೇಲೆ ನಾನೇ ಓದಿ ತಿಳ್ಕೊಂಡೆ. ಒಪ್ಪಂದದಲ್ಲಿ 270 ಕೋಟಿ ಡಾಲರ್ ಪರಿಸರಕ್ಕೆ ಅಂತ ಎತ್ತಿಟ್ಟಿದ್ರು, ರಾಜ್ಯಗಳಿಗೆ ಹಂಚೋಕೆ. ಆಮೇಲಿನ ಇನ್ನೊಂದು ಒಪ್ಪಂದದ್ದೂ ಸೇರಿ ಮಿಶಿಗನ್ ಪಾಲಿಗೆ ಸುಮಾರು 6.48 ಕೋಟಿ ಡಾಲರ್ ಬಂತು, ಅದರಲ್ಲಿ ಕೆಲವು ಊರಿನ ಶಾಲೆಗಳಿಗೆ ಎಲೆಕ್ಟ್ರಿಕ್ ಬಸ್ ಬಂದವು. ಒಳ್ಳೇ ಕೆಲಸ, ಮನಸಾರೆ ಹೇಳ್ತೀನಿ. ಆದ್ರೆ ನಾವು ಗ್ರಾಹಕರಿಗೆ ಅಂತ ಎತ್ತಿಟ್ಟಿದ್ದು ಸಾವಿರ ಕೋಟಿ ಡಾಲರ್ ಮೇಲೆ. ಮೋಸ ಹೋಗಿದ್ದು ನಾವು ಅಂತ ಎಲ್ಲರೂ ಅಂದ್ರು, ನಾವೂ ಹಾಗೇ ಅಂದ್ಕೊಂಡ್ವಿ, ನಿಜಾನೇ, ಆದ್ರೆ ನಮ್ಮ ಕಾರಿನ ಹಿಂದೆ ಸಿಗ್ನಲ್‌ನಲ್ಲಿ ನಿಂತವರೂ ಮೋಸ ಹೋದೋರೇ, ಅವರಿಗೆ ಅದು ಗೊತ್ತೂ ಇಲ್ಲ.

ಅದೇ ಬೇಸಿಗೆ ಶುರುವಿನಲ್ಲಿ ಪಾಂಟಿಯಾಕ್‌ನ ಪರಾಶಕ್ತಿ ದೇವಸ್ಥಾನಕ್ಕೆ ಹೊರಟಿದ್ವಿ. ದಾರಿಲಿ ಸಿಲ್ವರ್‌ಡೋಮ್ ಅನ್ನೋ ಹಳೇ ಸ್ಟೇಡಿಯಂ ಸಿಗ್ತಿತ್ತು, 1994ರ ಫುಟ್‌ಬಾಲ್ ವರ್ಲ್ಡ್ ಕಪ್ ಮ್ಯಾಚುಗಳು ನಡೆದ ಜಾಗ, ಆಮೇಲೆ ಹಾಳು ಬಿದ್ದು, 2017ರ ಡಿಸೆಂಬರ್‌ನಲ್ಲಿ ಅದನ್ನ ಸ್ಫೋಟ ಮಾಡಿ ಕೆಡವಿದ್ರು. ಅದರ ಪಾರ್ಕಿಂಗ್ ಜಾಗದ ತುಂಬಾ ವಾಪಸ್ ಬಂದ ಕಾರುಗಳನ್ನ ಸಾಲುಗಟ್ಟಿ ನಿಲ್ಲಿಸಿದ್ರು, ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್ ಮರುಭೂಮಿಯಲ್ಲೂ ಹೀಗೇ ನಿಲ್ಲಿಸಿದ್ರಂತೆ. "ಇದರಲ್ಲಿ ನಮ್ಮದು ಯಾವ್ದೋ?" ಅಂತ ಅಮ್ಮ ಕೇಳಿದ್ರು. ಗೊತ್ತಿಲ್ಲ ಅಮ್ಮ ಅಂದೆ. "ಇಷ್ಟೂ ಕಾರಿನೋರು ಸುಮ್ಮನಿದ್ರಾ ಇಷ್ಟು ವರ್ಷ, ಯಾರು ಕಂಡುಹಿಡಿದ್ರು ಮತ್ತೆ?"

ಅದನ್ನ ಹೇಳೋಕೆ ನನಗೆ ಖುಷಿ. ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿಯ ಒಂದು ಸಣ್ಣ ತಂಡ, ಡ್ಯಾನ್ ಕಾರ್ಡರ್ ಅನ್ನೋರು ಮುಖ್ಯಸ್ಥರು, ಅದರಲ್ಲಿ ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಅವರೂ ಇದ್ರು, ಅರವಿಂದ್ ತಿರುವೆಂಗಡಂ ಅಂತ ಇನ್ನೊಬ್ಬರು. 2013ರಲ್ಲಿ ಕಾರಿನ ಡಿಕ್ಕಿಲಿ ಅಳೆಯೋ ಮಷೀನು ತುಂಬಿಕೊಂಡು ಕ್ಯಾಲಿಫೋರ್ನಿಯಾ ರಸ್ತೆಗಳಲ್ಲಿ ಓಡಿಸಿದ್ರು, ಒಂದು ಕಾರನ್ನ ಸಿಯಾಟಲ್ ತನಕ ತಗೊಂಡು ಹೋಗಿ ಬಂದ್ರು. ಜೆಟ್ಟಾ ಮಿತಿಗಿಂತ 15ರಿಂದ 35 ಪಟ್ಟು ನಾಕ್ಸ್ ಬಿಡ್ತಿತ್ತು. ಯಾರನ್ನೋ ಹಿಡಿಯೋಕೆ ಹೊರಟವರಲ್ಲ, ಅಳೆದು ನೋಡೋಕೆ ಹೊರಟವರು. ಹೇಮಂತ್ ಅವರಿಗೆ ಆಮೇಲೆ 2019ರಲ್ಲಿ ಇಲ್ಲಿನ ಕೆಲಸ ಹೋಗಿ ವೀಸಾ ಕಾರಣಕ್ಕೆ ಊರಿಗೇ ವಾಪಸ್ ಹೋಗಬೇಕಾಯ್ತು, ಆ ಸುದ್ದಿ ಓದಿದಾಗ ಹೊಟ್ಟೆ ಉರೀತು.

ಹಾಸನದಲ್ಲಿ ನಮ್ಮ ಭಾವನ ಹತ್ರ ನಮ್ಮ ಜೆಟ್ಟಾದಲ್ಲಿದ್ದ ಅದೇ ಇಎ 189 ಸರಣಿ ಎಂಜಿನ್ನಿನ ಫೋಕ್ಸ್‌ವ್ಯಾಗನ್ ವೆಂಟೋ ಇದೆ. ಭಾರತದಲ್ಲಿ ಸುಮಾರು 3.23 ಲಕ್ಷ ಕಾರು ರೀಕಾಲ್ ಆಯ್ತು, ಸಾಫ್ಟ್‌ವೇರ್ ಅಪ್‌ಡೇಟ್ ಮಾಡೋಕೆ. ಫೋನಲ್ಲಿ ಭಾವ ಕೇಳಿದ್ರು, "ಅಲ್ಲ ಕಣೋ, ನಿನಗೆ ಕಾರಿನ ದುಡ್ಡೂ ಕೊಟ್ಟು ಮೇಲೆ ಪರಿಹಾರಾನೂ ಕೊಟ್ರು, ನಮಗ್ಯಾಕೆ ಬರೀ ಸಾಫ್ಟ್‌ವೇರು?" ಭಾವ, ನಿಮ್ಮಲ್ಲಿ ಬಿಎಸ್ 4 ಅನ್ನೋ ಮಾಲಿನ್ಯ ನಿಯಮದ ಪ್ರಕಾರ ಡೀಸೆಲ್ ಕಾರು ಕಿಲೋಮೀಟರ್‌ಗೆ 0.25 ಗ್ರಾಂ ನಾಕ್ಸ್ ಬಿಡಬಹುದು, ಇಲ್ಲಿ ಮೈಲಿಗೆ 0.07 ಗ್ರಾಂ, ನಿಮ್ಮ ಮಿತಿನೇ ಐದಾರು ಪಟ್ಟು ಸಡಿಲ, ನಮ್ಮ ಕಾರು ಭಾರತದ ನಿಯಮ ಮುರಿದಿಲ್ಲ ಅಂತ ಕಂಪನಿ ವಾದ, ಅಂತ ವಿವರಿಸ್ದೆ. 2019ರ ಮಾರ್ಚ್‌ನಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿದಾಗ ಭಾವನೇ ಫೋನ್ ಮಾಡಿ ಹೇಳಿದ್ರು, ಎರಡು ತಿಂಗಳಿಗೆ ಸುಪ್ರೀಂ ಕೋರ್ಟು ಸದ್ಯಕ್ಕೆ ಬಲವಂತದ ಕ್ರಮ ಬೇಡ ಅಂತು.

ಹೋದ ಸಲ ಊರಿಗೆ ಹೋದಾಗ ಭಾವನ ಜೊತೆ ಪೆಟ್ರೋಲ್ ಬಂಕ್ ಪಕ್ಕದ ಎಮಿಷನ್ ಟೆಸ್ಟ್ ಅಂಗಡಿಗೆ ಹೋಗಿದ್ದೆ. ಹುಡುಗ ಪೈಪಿಗೆ ಕೊಳವೆ ಸಿಕ್ಕಿಸಿ ಆಕ್ಸಿಲರೇಟರ್ ಒತ್ತಿ ಅಂದ, ಚೀಟಿ ಪ್ರಿಂಟ್ ಆಯ್ತು, ಪಾಸು. ಡೀಸೆಲ್ ಗಾಡಿಗೆ ಅಲ್ಲಿ ನೋಡೋದು ಹೊಗೆ ಎಷ್ಟು ದಟ್ಟ ಅಂತ ಮಾತ್ರ, ನಾಕ್ಸ್ ಅಳೆಯಲ್ಲ. ಹೊಸ ಮಾಡೆಲ್‌ಗಳಿಗೆ 2023ರ ಏಪ್ರಿಲ್‌ನಿಂದ ರಸ್ತೆ ಮೇಲೇ ಓಡಿಸಿ ಅಳೆಯೋ ಟೆಸ್ಟ್ ಕಡ್ಡಾಯ ಆಗಿದೆ, ವೆಸ್ಟ್ ವರ್ಜೀನಿಯಾದೋರು ಮಾಡಿದ ಥರಾನೇ, ಅದು ಬಂದಿದ್ದು ಬಹಳ ಒಳ್ಳೇದಾಯ್ತು. ಭಾವನ ಕಾರಿನಂಥ ಹಳೇ ಗಾಡಿಗಳಿಗೆ ಅದು ಬರಲ್ಲ, ಅವಕ್ಕೆ ಇನ್ನೂ ಆ ಚೀಟಿನೇ.